ಎಲೆಕ್ಟ್ರಿಕ್ ಕಾರಿನ ರೇಂಜ್ ಕುಸಿದಾಗ: ದೋಷ ಹುಡುಕುವ ಕ್ರಮ

"ಮೊದಲೆಲ್ಲ ಒಂದು ಚಾರ್ಜಿಗೆ 300 ಕಿಲೋಮೀಟರ್ ಬರುತ್ತಿತ್ತು, ಈಗ 250ಕ್ಕೇ ಮುಗಿಯುತ್ತದೆ, ಬ್ಯಾಟರಿ ಹೋಗಿದೆ." ಎಲೆಕ್ಟ್ರಿಕ್ ಕಾರಿನ ಬಗ್ಗೆ ನಾನು ಅತಿ ಹೆಚ್ಚು ಬಾರಿ ಕೇಳಿರುವ ದೂರು ಇದು. ಈ ಮಾತಿನ ಮೊದಲ ಭಾಗ ಕಣ್ಣಾರೆ ಕಂಡ ಸಂಗತಿ, ಕೊನೆಯ ಭಾಗ ತೀರ್ಪು. ಎರಡರ ನಡುವೆ ನಡೆಯಬೇಕಾದ ತನಿಖೆ ಬಹಳಷ್ಟು ಸಲ ನಡೆಯುವುದೇ ಇಲ್ಲ. ಕಾರಿನಲ್ಲಿ ಅತ್ಯಂತ ದುಬಾರಿಯಾದ ಭಾಗ ಬ್ಯಾಟರಿಯೇ ಆಗಿರುವುದರಿಂದ, ಅದರ ಮೇಲೆ ಆರೋಪ ಹೊರಿಸುವುದನ್ನು ತನಿಖೆಯ ಕೊನೆಯವರೆಗೂ ತಡೆಹಿಡಿಯುವುದು ಲೇಸು.

ಕಾರು ಓಡುವ ದೂರವೆಂಬುದು ಒಂದು ಭಾಗಾಕಾರದ ಉತ್ತರ. ಬ್ಯಾಟರಿಯಿಂದ ಬಳಕೆಗೆ ಸಿಗುವ ಶಕ್ತಿಯನ್ನು ಪ್ರತಿ ಕಿಲೋಮೀಟರಿಗೆ ಖರ್ಚಾಗುವ ಶಕ್ತಿಯಿಂದ ಭಾಗಿಸಿದರೆ ರೇಂಜ್ ಸಿಗುತ್ತದೆ. ಬಳಸಲು 45 ಕಿಲೋವ್ಯಾಟ್ ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 45 ಯೂನಿಟ್ ಸಿಗುವ ಕಾರೊಂದು ಕಿಲೋಮೀಟರಿಗೆ 150 ವ್ಯಾಟ್ ಅವರ್ ಬಳಸಿದರೆ 300 ಕಿಲೋಮೀಟರ್ ಓಡುತ್ತದೆ. ಅದೇ ಕಾರಿನ ಬ್ಯಾಟರಿ ಹಾಗೆಯೇ ಇದ್ದು, ಖರ್ಚು 180 ವ್ಯಾಟ್ ಅವರಿಗೆ ಏರಿದರೆ 250 ಕಿಲೋಮೀಟರ್. ಖರ್ಚು 150ರಲ್ಲೇ ನಿಂತು, ಬ್ಯಾಟರಿ 37.5 ಯೂನಿಟ್ಟಿಗೆ ಕುಗ್ಗಿದರೂ 250 ಕಿಲೋಮೀಟರೇ. ಚಾಲಕನ ಸೀಟಿನಲ್ಲಿ ಕುಳಿತವರಿಗೆ ಈ ಎರಡು ರೋಗಗಳೂ ಒಂದೇ ರೀತಿ ಕಾಣುತ್ತವೆ. ಮದ್ದು ಮಾತ್ರ ಸಂಪೂರ್ಣ ಬೇರೆ. ಆದ್ದರಿಂದ ದೋಷ ಅಂಶದಲ್ಲಿದೆಯೋ ಛೇದದಲ್ಲಿದೆಯೋ ಎಂಬುದನ್ನು ತೀರ್ಮಾನಿಸುವ ಮುನ್ನ ಒಂದು ಬೋಲ್ಟನ್ನೂ ಬಿಚ್ಚಬಾರದು.

ಪರದೆಯ ಸಂಖ್ಯೆಯನ್ನು ಎಷ್ಟು ನಂಬಬೇಕು

ಡ್ಯಾಶ್‌ಬೋರ್ಡಿನಲ್ಲಿ ಕಾಣುವ "ಇನ್ನು ಇಷ್ಟು ಕಿಲೋಮೀಟರ್" ಎಂಬುದು ಅಳತೆಯಲ್ಲ, ಮುನ್ಸೂಚನೆ. ಹೆಚ್ಚಿನ ಕಾರುಗಳು ಇತ್ತೀಚೆಗೆ ಓಡಿದ ದೂರದಲ್ಲಿ ಆದ ಸರಾಸರಿ ಖರ್ಚನ್ನು ಹಿಡಿದು, ಮುಂದೆಯೂ ಹಾಗೆಯೇ ಓಡಿಸುತ್ತಾರೆಂದು ಭಾವಿಸಿ ಈ ಸಂಖ್ಯೆಯನ್ನು ತೋರಿಸುತ್ತವೆ. ನಿನ್ನೆ ಘಾಟಿ ಹತ್ತಿ ಬಂದ ಕಾರು ಇಂದು ಬೆಳಿಗ್ಗೆ ಪೂರ್ತಿ ಚಾರ್ಜಾದ ಮೇಲೂ ಕಡಿಮೆ ದೂರವನ್ನೇ ತೋರಿಸಿದರೆ ಅದರಲ್ಲಿ ದೋಷವೇನೂ ಇಲ್ಲ. 1,800 ಕಿಲೋ ತೂಕದ ಕಾರನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು, ಗಾಳಿಯ ತಡೆ ಮತ್ತು ಟೈರಿನ ತಡೆಯನ್ನು ಬಿಟ್ಟು, ಬರೀ ಎತ್ತರಕ್ಕೇ ಸುಮಾರು 4.9 ಯೂನಿಟ್ ಬೇಕು. ಇಳಿಯುವಾಗ ರೀಜೆನ್, ಅಂದರೆ ವೇಗ ತಗ್ಗಿಸುವಾಗ ಮೋಟಾರನ್ನೇ ಜನರೇಟರಿನಂತೆ ಬಳಸಿ ಬ್ಯಾಟರಿ ತುಂಬಿಸುವ ವ್ಯವಸ್ಥೆ, ಅದರಲ್ಲಿ ಒಂದು ಪಾಲನ್ನು ಮಾತ್ರ ಮರಳಿ ಕೊಡುತ್ತದೆ.

ಹಾಗೆಯೇ, ಕಂಪನಿಯ ಕೈಹೊತ್ತಗೆಯಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ ದೋಷ ಹುಡುಕುವುದೂ ವ್ಯರ್ಥ. ಯುರೋಪಿನಲ್ಲಿ ಕಾರಿನ ಖರ್ಚು ಮತ್ತು ರೇಂಜ್ ಅಳೆಯಲು 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಪ್ರಯೋಗಾಲಯದ ರೋಲರ್ ಮೇಲೆ, 23 ಡಿಗ್ರಿ ಉಷ್ಣಾಂಶದಲ್ಲಿ, ಎಸಿ ಆರಿಸಿ ನಡೆಯುತ್ತದೆ. ಅದರ ಸರಾಸರಿ ವೇಗ ಗಂಟೆಗೆ ಸುಮಾರು 46 ಕಿಲೋಮೀಟರ್ ಮಾತ್ರ. ಹೆದ್ದಾರಿಯಲ್ಲಿ ಒಂದೇ ಸಮನೆ 110ರಲ್ಲಿ ಹೋಗುವವರ ಕಾರು ಆ ಸಂಖ್ಯೆಯನ್ನು ಹೊಸದಾಗಿದ್ದಾಗಲೂ ಮುಟ್ಟಿರುವುದಿಲ್ಲ. ಒಂದು ಕಾರನ್ನು ಹೋಲಿಸಬೇಕಾದದ್ದು ಅದರದೇ ಹಿಂದಿನ ದಾಖಲೆಯೊಂದಿಗೆ. ಅಂಥ ದಾಖಲೆ ಇಲ್ಲದವರು ಇಂದಿನಿಂದಲಾದರೂ ಬರೆದಿಡಲು ಆರಂಭಿಸುವುದು ಒಳ್ಳೆಯದು, ಏಕೆಂದರೆ ಆಮೇಲೆ ಯಾವ ಯಂತ್ರ ಜೋಡಿಸಿದರೂ ಹಳೆಯ ದಿನದ ಅಳತೆ ಸಿಗುವುದಿಲ್ಲ.

ಮೊದಲ ಪರೀಕ್ಷೆ: ಒಂದು ಓಟ, ಎರಡು ಉತ್ತರ

ಕಾರನ್ನು ನಿಧಾನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ಸರಿಪಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಪರಿಚಿತವಾದ ಸಮತಟ್ಟು ರಸ್ತೆಯಲ್ಲಿ ಹೋಗಿ ಅದೇ ರಸ್ತೆಯಲ್ಲಿ ಮರಳುವಂತೆ ಓಡಿಸಬೇಕು. ಮರಳಿ ಬರುವುದರಿಂದ ಗಾಳಿಯ ದಿಕ್ಕು ಮತ್ತು ಏರಿಳಿತಗಳ ಪರಿಣಾಮ ಬಹುಮಟ್ಟಿಗೆ ಸರಿದೂಗುತ್ತದೆ. ಚಾರ್ಜ್ 20 ಪ್ರತಿಶತದ ಹತ್ತಿರ ಬಂದಾಗ ನಿಲ್ಲಿಸಿ, ಓಡಿದ ದೂರ, ಸರಾಸರಿ ಖರ್ಚು, ಉಳಿದ ಪ್ರತಿಶತ ಮತ್ತು ಹೊರಗಿನ ಉಷ್ಣಾಂಶಗಳನ್ನು ಬರೆದುಕೊಳ್ಳಬೇಕು. ನಡುವೆ ಎಸಿ ಹಾಕಿಕೊಂಡು ಕಾರನ್ನು ನಿಲ್ಲಿಸಿಕೊಳ್ಳಬಾರದು. ಕೆಲವು ಕಾರುಗಳ ಟ್ರಿಪ್ ಮೀಟರ್ ನಿಂತಾಗಿನ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಉದಾಹರಣೆ ನೋಡೋಣ. 100ರಿಂದ 20 ಪ್ರತಿಶತಕ್ಕೆ ಇಳಿಯುವಷ್ಟರಲ್ಲಿ ಕಾರು 200 ಕಿಲೋಮೀಟರ್ ಓಡಿದೆ, ಸರಾಸರಿ ಖರ್ಚು 150 ವ್ಯಾಟ್ ಅವರ್. ಅಂದರೆ 30 ಯೂನಿಟ್ ಖರ್ಚಾಗಿದೆ. ಇದು ಬ್ಯಾಟರಿಯ 80 ಪ್ರತಿಶತ ಎಂದಾದರೆ, ಪೂರ್ತಿ ಬ್ಯಾಟರಿಯಲ್ಲಿ 37.5 ಯೂನಿಟ್ ಇದೆ ಎಂದಾಯಿತು. ಖರ್ಚು ಹಳೆಯ ಮಟ್ಟದಲ್ಲೇ ಇದೆ, ಸಂಗ್ರಹ ಕಡಿಮೆಯಾಗಿದೆ. ತನಿಖೆ ಬ್ಯಾಟರಿಯ ಕಡೆಗೆ ತಿರುಗಬೇಕು. ಇದಕ್ಕೆ ಬದಲಾಗಿ ಖರ್ಚು 180 ಎಂದು ಬಂದು, ಸಂಗ್ರಹ 45ರ ಆಸುಪಾಸಿನಲ್ಲೇ ಸಿಕ್ಕಿದ್ದರೆ ಬ್ಯಾಟರಿಯನ್ನು ಬಿಟ್ಟು ಚಕ್ರಗಳ ಕಡೆಗೆ ನೋಡಬೇಕು.

ಇಲ್ಲೊಂದು ಎಚ್ಚರಿಕೆ. ಮರಳಿ ಚಾರ್ಜ್ ಮಾಡುವಾಗ ಗೋಡೆಯ ಮೀಟರ್ 30ರ ಬದಲು 34 ಯೂನಿಟ್ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಕಾರಿನೊಳಗಿನ ಚಾರ್ಜರ್ ಗೋಡೆಯಿಂದ ಬರುವ ಎಸಿ (ಪರ್ಯಾಯ) ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ (ನೇರ) ಕರೆಂಟಾಗಿ ಪರಿವರ್ತಿಸುವಾಗ ಆಗುವ ನಷ್ಟ, ಆ ಹೊತ್ತಿನಲ್ಲಿ ಪಂಪು ಮತ್ತು ಕಂಟ್ರೋಲರ್‌ಗಳು ಎಳೆಯುವ ಕರೆಂಟು, ಎಲ್ಲ ಸೇರಿ ಹತ್ತು ಹದಿನೈದು ಪ್ರತಿಶತ ವ್ಯತ್ಯಾಸ ಸಹಜ. ಡಿಸಿ ಫಾಸ್ಟ್ ಚಾರ್ಜರಿನಲ್ಲಿ ಪರಿವರ್ತನೆ ಕಾರಿನ ಹೊರಗೇ ನಡೆಯುವುದರಿಂದ ವ್ಯತ್ಯಾಸ ಕಡಿಮೆ ಇರುತ್ತದೆ.

ಖರ್ಚು ಏರಿದ್ದರೆ

ಮೊದಲು ವೇಗವನ್ನು ನೋಡಬೇಕು, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮಧ್ಯಮ ಗಾತ್ರದ ಕಾರೊಂದಕ್ಕೆ ಗಾಳಿಯನ್ನು ಸೀಳಲು 80 ಕಿಲೋಮೀಟರ್ ವೇಗದಲ್ಲಿ ಕಿಲೋಮೀಟರಿಗೆ ಸುಮಾರು 55 ವ್ಯಾಟ್ ಅವರ್ ಸಾಕಾದರೆ, 110ರಲ್ಲಿ 100ಕ್ಕೂ ಹೆಚ್ಚು ಬೇಕಾಗುತ್ತದೆ. ಹೊಸ ಕೆಲಸಕ್ಕೆ ಸೇರಿ ಓಡಾಟದ ದಾರಿ ಬದಲಾಗಿದೆಯೇ, ಹೊಸ ಹೆದ್ದಾರಿ ತೆರೆದಿದೆಯೇ, ಮೇಲೆ ಸಾಮಾನು ಹೊರುವ ಕ್ಯಾರಿಯರ್ ಹಾಕಿಸಿದ್ದಾರೆಯೇ ಎಂದು ಕೇಳಿದರೆ ಅರ್ಧ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅನುಭವ.

ಎಸಿ ಮತ್ತು ಹೀಟರಿನ ಲೆಕ್ಕ ಇದಕ್ಕೆ ತಿರುಗುಮುರುಗು. ಅವು ಕಿಲೋಮೀಟರಿನ ಮೇಲಲ್ಲ, ಗಂಟೆಯ ಮೇಲೆ ಶಕ್ತಿ ತಿನ್ನುತ್ತವೆ. 1.5 ಕಿಲೋವ್ಯಾಟ್ ಎಳೆಯುವ ಎಸಿ 80ರ ವೇಗದಲ್ಲಿ ಕಿಲೋಮೀಟರಿಗೆ 19 ವ್ಯಾಟ್ ಅವರ್ ಸೇರಿಸಿದರೆ, ಟ್ರಾಫಿಕ್ಕಿನಲ್ಲಿ 20ರ ವೇಗದಲ್ಲಿ ತೆವಳುವಾಗ ಅದೇ ಎಸಿ 75 ವ್ಯಾಟ್ ಅವರ್ ಸೇರಿಸುತ್ತದೆ. ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಹೀಟ್ ಪಂಪ್ ಇಲ್ಲದ ಕಾರಿನಲ್ಲಿ ಹೀಟರ್ ಇನ್ನೂ ಹೊಟ್ಟೆಬಾಕ; ಚಳಿಯಲ್ಲಿ ಆರಂಭದ ಕೆಲವು ನಿಮಿಷ ನಾಲ್ಕೈದು ಕಿಲೋವ್ಯಾಟ್ ಎಳೆಯುವುದುಂಟು. ಎಸಿ ಆರಿಸಿ ಒಮ್ಮೆ, ಹಾಕಿ ಒಮ್ಮೆ ಅದೇ ದಾರಿಯಲ್ಲಿ ಓಡಿಸಿದರೆ ಈ ಪಾಲು ಬೇರೆಯಾಗಿ ಕಾಣುತ್ತದೆ.

ಟೈರಿನ ವಿಷಯದಲ್ಲಿ ಗಾಳಿಯ ಒತ್ತಡವನ್ನು ಎಲ್ಲರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಋತು ಬದಲಾದಾಗ ಯಾವ ಪಂಚರ್ ಇಲ್ಲದೆಯೂ ಟೈರು ಮೆತ್ತಗಾಗುತ್ತದೆ. ಆದರೆ ಹೆಚ್ಚಾಗಿ ಮರೆತುಹೋಗುವ ಪ್ರಶ್ನೆ ಬೇರೆ: ಟೈರ್ ಬದಲಾಯಿಸಿದ್ದು ಯಾವಾಗ? ಕಾರಿನೊಂದಿಗೆ ಬಂದ ಕಡಿಮೆ ಉರುಳುತಡೆಯ ಟೈರುಗಳನ್ನು ತೆಗೆದು ಸಾಮಾನ್ಯ ಟೈರು ಹಾಕಿಸಿದರೆ ಖರ್ಚು ಅಂದಿನಿಂದಲೇ ಏರುತ್ತದೆ. ಒಂದೇ ಮಾದರಿಯದಾದರೂ ಹೊಸ ಟೈರಿನ ದಪ್ಪ ರಬ್ಬರ್ ಪದರ ಸವೆದ ಟೈರಿಗಿಂತ ಹೆಚ್ಚು ತಡೆಯೊಡ್ಡುತ್ತದೆ.

ಇಷ್ಟಕ್ಕೂ ಖರ್ಚು ಇಳಿಯದಿದ್ದರೆ ಬ್ರೇಕ್ ಎಲ್ಲಾದರೂ ಹಿಡಿದುಕೊಂಡಿದೆಯೇ ಎಂದು ನೋಡಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಇದು ಪೆಟ್ರೋಲ್ ಕಾರಿಗಿಂತ ಹೆಚ್ಚು ಸಂಭವನೀಯ. ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ರೀಜೆನ್ ಮಾಡಿಬಿಡುವುದರಿಂದ ಬ್ರೇಕ್ ಪ್ಯಾಡುಗಳಿಗೆ ಕೆಲಸವೇ ಇರುವುದಿಲ್ಲ. ಕೆಲಸವಿಲ್ಲದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳ ಗ್ರೀಸ್ ಒಣಗುತ್ತದೆ, ಒಮ್ಮೆ ಒತ್ತಿದ ಪ್ಯಾಡು ಹಿಂದೆ ಸರಿಯುವುದಿಲ್ಲ.

ಪರಿಚಿತರೊಬ್ಬರ ಕಾರಿನಲ್ಲಿ ಆದದ್ದು ಇದೇ. ಎರಡು ತಿಂಗಳಲ್ಲಿ ರೇಂಜ್ ಇಳಿದಿತ್ತು, ಒಂದು ಸರ್ವೀಸ್ ಸೆಂಟರಿನವರು ಬ್ಯಾಟರಿ ಮಾಡ್ಯೂಲ್ (ಸೆಲ್ಲುಗಳ ಒಂದು ಕಟ್ಟು) ಬದಲಾಯಿಸಬೇಕಾಗಬಹುದು ಎಂದಿದ್ದರು. ಆ ಪರಿಚಿತರ ಬಳಿ ಹಳೆಯ ಟ್ರಿಪ್ ದಾಖಲೆಗಳ ಚಿತ್ರಗಳಿದ್ದುದು ಅದೃಷ್ಟ. ಅದೇ ದಾರಿ, ಅದೇ ವೇಗ. ಖರ್ಚು 150ರಿಂದ 170ಕ್ಕೆ ಏರಿತ್ತು. ಕಿಲೋಮೀಟರಿಗೆ 20 ವ್ಯಾಟ್ ಅವರ್ ಎಂದರೆ ಕೇಳಲು ಸಣ್ಣದು. ಆದರೆ 60ರ ವೇಗದಲ್ಲಿ ಹೋಗುವಾಗ ಗಂಟೆಗೆ 1,200 ವ್ಯಾಟ್ ಅವರ್ ಆಯಿತು; ಸಾಧಾರಣ ಇಸ್ತ್ರಿಪೆಟ್ಟಿಗೆಯೊಂದನ್ನು ಬಿಡದೆ ಕಾಯಿಸುತ್ತಾ ಹೋದಂತೆ. ಅಷ್ಟು ಶಕ್ತಿ ಎಲ್ಲಿಯೋ ಬಿಸಿಯಾಗಿ ಹೊರಬರಲೇಬೇಕು, ಆ ಜಾಗವನ್ನು ಹುಡುಕಿದರೆ ಸಾಕು. ಇಪ್ಪತ್ತು ನಿಮಿಷ ಓಡಿಸಿ, ಕೊನೆಗೆ ಬ್ರೇಕ್ ತುಳಿಯದೆ ರೀಜೆನ್‌ನಿಂದಲೇ ವೇಗ ಇಳಿಸಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಡಿಸ್ಕಿನತ್ತ ಹಿಡಿದೆವು. ಮೂರು ಡಿಸ್ಕುಗಳು 40 ಡಿಗ್ರಿಯ ಸುತ್ತಮುತ್ತ ಇದ್ದವು. ಹಿಂದಿನ ಎಡಗಡೆಯದು 120 ದಾಟಿತ್ತು, ಹತ್ತಿರ ಬಗ್ಗಿದರೆ ಸುಟ್ಟ ಪ್ಯಾಡಿನ ವಾಸನೆ. ಕ್ಯಾಲಿಪರ್ ಬಿಚ್ಚಿದಾಗ ಕೆಳಗಿನ ಪಿನ್ನು ತುಕ್ಕಿನ ಕಡ್ಡಿಯಂತೆ ಹೊರಬಂತು. ಪಿನ್ನು, ರಬ್ಬರ್ ಬೂಟು, ಪ್ಯಾಡು ಬದಲಾದ ಮೇಲೆ ಖರ್ಚು 152ಕ್ಕೆ ಇಳಿಯಿತು. ಬ್ಯಾಟರಿಯ ಮಾತು ಅಲ್ಲಿಗೆ ನಿಂತಿತು.

ಈ ಲೆಕ್ಕಕ್ಕೆ ನೆನಪಿಡಲು ಸುಲಭವಾದ ಸೂತ್ರವೊಂದಿದೆ: ಕಾರನ್ನು ಹಿಂದಕ್ಕೆ ಎಳೆಯುವ ಪ್ರತಿ 36 ನ್ಯೂಟನ್ ಬಲಕ್ಕೆ ಕಿಲೋಮೀಟರಿಗೆ 10 ವ್ಯಾಟ್ ಅವರ್ ಖರ್ಚು. 36 ನ್ಯೂಟನ್ ಎಂದರೆ ಮೂರೂವರೆ ಕಿಲೋ ತೂಗುವ ಚೀಲವನ್ನು ಎತ್ತಿ ಹಿಡಿಯುವಷ್ಟು ಬಲ. ಇಷ್ಟು ಅಲ್ಪ ಎಳೆತ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುವುದೇ ಇಲ್ಲ, ಆದ್ದರಿಂದ "ಕಾರು ಹಗುರವಾಗಿಯೇ ಓಡುತ್ತಿದೆ" ಎಂಬ ಅನಿಸಿಕೆಯನ್ನು ಸಾಕ್ಷಿಯಾಗಿ ಸ್ವೀಕರಿಸಬಾರದು. ವೀಲ್ ಅಲೈನ್‌ಮೆಂಟ್ ತಪ್ಪಿದ್ದರೂ ಇಂಥದೇ ಎಳೆತ ಉಂಟಾಗುತ್ತದೆ. ಅಲ್ಲಿ ಸುಳಿವು ಕೊಡುವುದು ಟೈರಿನ ಒಂದು ಅಂಚು ಮಾತ್ರ ಗರಗಸದ ಹಲ್ಲಿನಂತೆ ಸವೆದಿರುವುದು.

ಸಂಗ್ರಹ ಕುಗ್ಗಿದಂತೆ ಕಂಡರೆ

ಇಲ್ಲಿಯೂ ನೇರವಾಗಿ ತೀರ್ಪಿಗೆ ಹೋಗಬಾರದು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಪೆಟ್ರೋಲ್ ಟ್ಯಾಂಕಿನಂತೆ ನೇರವಾಗಿ ಅಳೆಯುವ ಮಾರ್ಗವಿಲ್ಲ. ಬ್ಯಾಟರಿಯನ್ನು ನಿಯಂತ್ರಿಸುವ ಬಿಎಂಎಸ್ ಒಳಹೋದ ಮತ್ತು ಹೊರಬಂದ ಕರೆಂಟನ್ನು ಕೂಡಿ ಕಳೆದು ಅಂದಾಜು ಮಾಡುತ್ತದೆ, ಕಾರು ವಿಶ್ರಾಂತಿಯಲ್ಲಿರುವಾಗ ಸೆಲ್ಲುಗಳ ವೋಲ್ಟೇಜ್ ನೋಡಿ ಆ ಅಂದಾಜನ್ನು ತಿದ್ದಿಕೊಳ್ಳುತ್ತದೆ. ನಿಕಲ್ ಮ್ಯಾಂಗನೀಸ್ ಕೋಬಾಲ್ಟ್ ಬಗೆಯ ಸೆಲ್ಲುಗಳಲ್ಲಿ ಚಾರ್ಜ್ 20ರಿಂದ 90 ಪ್ರತಿಶತಕ್ಕೆ ಏರುವಾಗ ವೋಲ್ಟೇಜ್ ಸುಮಾರು ಅರ್ಧ ವೋಲ್ಟ್ ಏರುತ್ತದೆ, ಆದ್ದರಿಂದ ತಿದ್ದುವುದು ಸುಲಭ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳಲ್ಲಿ ಅದೇ ಅಂತರಕ್ಕೆ ವೋಲ್ಟೇಜ್ ಏರುವುದು 0.1 ವೋಲ್ಟಿನ ಆಸುಪಾಸು ಮಾತ್ರ. ಇಂಥ ಕಾರನ್ನು ತಿಂಗಳುಗಟ್ಟಲೆ 40ರಿಂದ 80 ಪ್ರತಿಶತದ ನಡುವೆಯೇ ಓಡಿಸಿದರೆ, ಅಂದಾಜು ದಿನದಿನಕ್ಕೆ ಚೂರುಚೂರಾಗಿ ದಾರಿ ತಪ್ಪುತ್ತದೆ. 18 ಪ್ರತಿಶತ ಎಂದು ತೋರಿಸುತ್ತಿದ್ದುದು ಇದ್ದಕ್ಕಿದ್ದಂತೆ 6ಕ್ಕೆ ಇಳಿಯುವುದು ಇದರ ಹಸ್ತಾಕ್ಷರ. ಫಾಸ್ಫೇಟ್ ಬ್ಯಾಟರಿಯ ಕಾರುಗಳನ್ನು ಆಗಾಗ 100 ಪ್ರತಿಶತದವರೆಗೆ ತುಂಬಿಸಬೇಕೆಂದು ತಯಾರಕರು ಹೇಳುವುದು ಈ ಕಾರಣಕ್ಕೆ.

ಪರಿಹಾರ ಸರಳವಾದರೂ ತಾಳ್ಮೆ ಬೇಡುತ್ತದೆ. ಚಾರ್ಜನ್ನು 10 ಪ್ರತಿಶತದ ಹತ್ತಿರಕ್ಕೆ ಇಳಿಸಿ, ಕಾರನ್ನು ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ, ಬಳಿಕ ನಿಧಾನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, 100 ತೋರಿಸಿದ ಮೇಲೂ ಪ್ಲಗ್ ಕೀಳದೆ ಒಂದೆರಡು ಗಂಟೆ ಬಿಡಬೇಕು. ಆ ಹೊತ್ತಿನಲ್ಲೇ ವೋಲ್ಟೇಜ್ ಹೆಚ್ಚಿರುವ ಸೆಲ್ಲುಗಳ ಹೆಚ್ಚುವರಿ ಚಾರ್ಜನ್ನು ಸಣ್ಣ ರೆಸಿಸ್ಟರುಗಳ ಮೂಲಕ ಬಿಸಿಯಾಗಿ ಕಳೆದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಕೆಲಸ ನಡೆಯುತ್ತದೆ. ಇದನ್ನು ಎರಡು ಮೂರು ಬಾರಿ ಮಾಡಿ, ಮೊದಲ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. "ಕಳೆದುಹೋದ" ಸಂಗ್ರಹದಲ್ಲಿ ಒಂದು ಪಾಲು ಹೀಗೆ ಮರಳಿ ಸಿಕ್ಕರೆ ಅದು ಕಳೆದೇ ಇರಲಿಲ್ಲ, ಲೆಕ್ಕ ತಪ್ಪಿತ್ತು ಅಷ್ಟೆ.

ಮರಳಿ ಸಿಗದಿದ್ದರೆ ಸೆಲ್ಲುಗಳನ್ನು ಒಂದೊಂದಾಗಿ ನೋಡಬೇಕು. ಕಾರಿನ ದೋಷ ತಪಾಸಣೆಗೆಂದೇ ಇರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಡಾಪ್ಟರ್ ಮತ್ತು ಆಯಾ ಕಾರಿಗೆ ಹೊಂದುವ ಆ್ಯಪ್ ಇದ್ದರೆ ಅನೇಕ ಕಾರುಗಳಲ್ಲಿ ಪ್ರತಿ ಸೆಲ್ಲಿನ ವೋಲ್ಟೇಜ್ ಕಾಣುತ್ತದೆ. ಸುಮಾರು 350 ವೋಲ್ಟಿನ ಬ್ಯಾಟರಿಯಲ್ಲಿ 96 ಸೆಲ್ಲುಗಳೋ ಸೆಲ್ಲು ಗುಂಪುಗಳೋ ಸಾಲಾಗಿ ಜೋಡಣೆಗೊಂಡಿರುತ್ತವೆ. ಸಾಲಿನಲ್ಲಿ ಹರಿಯುವ ಕರೆಂಟು ಎಲ್ಲಕ್ಕೂ ಒಂದೇ. ಆದ್ದರಿಂದ ಅತ್ಯಂತ ದುರ್ಬಲವಾದ ಒಂದು ಸೆಲ್ಲು ಖಾಲಿಯಾದ ಕ್ಷಣ, ಉಳಿದ 95ರಲ್ಲಿ ಎಷ್ಟೇ ಇದ್ದರೂ ಕಾರು ನಿಲ್ಲಬೇಕಾಗುತ್ತದೆ. ಅತಿ ಎತ್ತರದ ಮತ್ತು ಅತಿ ತಗ್ಗಿನ ಸೆಲ್ಲುಗಳ ನಡುವಿನ ವ್ಯತ್ಯಾಸ ಎಷ್ಟು ಮಿಲಿವೋಲ್ಟ್ ಎಂದು ಮಾತ್ರ ನೋಡಿ ಮುಗಿಸುವವರು ಬಹಳ. ನನ್ನ ಮಟ್ಟಿಗೆ ಆ ಒಂದು ಸಂಖ್ಯೆ ಹೇಳುವುದು ಕಡಿಮೆ. ಹೆಚ್ಚು ಹೇಳುವುದು, ವ್ಯತ್ಯಾಸ ಯಾವ ಸ್ಥಿತಿಯಲ್ಲಿ ಹೇಗೆ ಬದಲಾಗುತ್ತದೆ ಎಂಬುದು. ಆದ್ದರಿಂದ ನಾಲ್ಕು ಸ್ಥಿತಿಗಳಲ್ಲಿ ದಾಖಲಿಸಬೇಕು: ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ, 15 ಪ್ರತಿಶತದ ಹತ್ತಿರ ವಿಶ್ರಾಂತಿಯಲ್ಲಿರುವಾಗ, ಜೋರಾಗಿ ಆ್ಯಕ್ಸಿಲರೇಟರ್ ಒತ್ತಿದಾಗ, ಮತ್ತು ರೀಜೆನ್ ಅಥವಾ ಚಾರ್ಜಿಂಗ್ ನಡೆಯುವಾಗ.

ಒಂದು ಸೆಲ್ಲು ತುಂಬಿದಾಗಲೂ ಖಾಲಿಯಾದಾಗಲೂ ಉಳಿದವಕ್ಕಿಂತ ತಗ್ಗಿನಲ್ಲೇ ಇದ್ದರೆ ಅದು ಸಮತೋಲನ ತಪ್ಪಿದ ಸೆಲ್ಲು. ಮೇಲೆ ಹೇಳಿದ ನಿಧಾನ ಚಾರ್ಜಿಂಗ್ ಅದನ್ನು ಸರಿಪಡಿಸಬಲ್ಲದು. ಸರಿಪಡಿಸಿದ ಮೇಲೆ ಕೆಲವೇ ವಾರಗಳಲ್ಲಿ ಅದೇ ಸೆಲ್ಲು ಮತ್ತೆ ತಗ್ಗಿದರೆ, ಅದು ಒಳಗೊಳಗೇ ಸೋರುತ್ತಿದೆ ಎಂದರ್ಥ, ಅದನ್ನು ಹಗುರವಾಗಿ ಪರಿಗಣಿಸಬಾರದು. ತುಂಬುವಾಗ ಎಲ್ಲರಿಗಿಂತ ಮೊದಲು ಮೇಲಕ್ಕೇರಿ, ಖಾಲಿಯಾಗುವಾಗ ಎಲ್ಲರಿಗಿಂತ ಮೊದಲು ಕೆಳಕ್ಕಿಳಿಯುವ ಸೆಲ್ಲಿನ ಧಾರಣಶಕ್ತಿಯೇ ಕುಗ್ಗಿದೆ. ಸಣ್ಣ ಲೋಟ ಬೇಗ ತುಂಬಿ ಬೇಗ ಬರಿದಾಗುವಂತೆ. ಇದನ್ನು ಎಷ್ಟು ಸಮತೋಲನ ಮಾಡಿದರೂ ಫಲವಿಲ್ಲ, ಮಾಡ್ಯೂಲ್ ಬದಲಾಗಬೇಕು. ವಿಶ್ರಾಂತಿಯಲ್ಲಿ ಎಲ್ಲರೊಂದಿಗೆ ಸರಿಯಾಗಿದ್ದು, ಆ್ಯಕ್ಸಿಲರೇಟರ್ ಒತ್ತಿದಾಗ ಮಾತ್ರ ಕುಸಿದು, ರೀಜೆನ್‌ನಲ್ಲಿ ಅಷ್ಟೇ ಮೇಲಕ್ಕೆ ಜಿಗಿಯುವ ಸೆಲ್ಲಿನಲ್ಲಿ ಆಂತರಿಕ ರೋಧ ಹೆಚ್ಚಿದೆ, ಇಲ್ಲವೇ ಅದನ್ನು ಜೋಡಿಸುವ ಲೋಹದ ಪಟ್ಟಿಯಾದ ಬಸ್‌ಬಾರ್ ಸಡಿಲವಾಗಿದೆ. ಅರ್ಧ ಮಿಲಿಓಮ್‌ನಷ್ಟು ಹೆಚ್ಚುವರಿ ರೋಧವಿದ್ದರೂ 200 ಆಂಪಿಯರ್ ಹರಿಯುವಾಗ 100 ಮಿಲಿವೋಲ್ಟ್ ಕುಸಿತ ಕಾಣುತ್ತದೆ, ಆ ಒಂದು ಬಿಂದುವಿನಲ್ಲಿ 20 ವ್ಯಾಟ್ ಬಿಸಿ ಹುಟ್ಟುತ್ತದೆ.

ಇನ್ನೊಂದು ಲಕ್ಷಣ ಅಪರೂಪದ್ದಾದರೂ ನೆನಪಿನಲ್ಲಿರಲಿ. ಒಂದು ಸೆಲ್ಲು 40 ಮಿಲಿವೋಲ್ಟ್ ಕಡಿಮೆ ತೋರಿಸಿ, ಅದರ ಪಕ್ಕದ್ದೇ ಸೆಲ್ಲು ಸರಿಯಾಗಿ 40 ಮಿಲಿವೋಲ್ಟ್ ಹೆಚ್ಚು ತೋರಿಸಿದರೆ, ಎರಡೂ ಸೆಲ್ಲುಗಳು ಬಹುತೇಕ ನಿರ್ದೋಷಿಗಳು. ಎರಡರ ನಡುವಿನಿಂದ ಬಿಎಂಎಸ್‌ಗೆ ಹೋಗುವ ಅಳತೆಯ ತಂತಿ ಒಂದೇ. ಅದರ ಸಂಪರ್ಕ ಕೆಟ್ಟಾಗ ಒಂದರಿಂದ ಕಳೆದದ್ದು ಇನ್ನೊಂದಕ್ಕೆ ಸೇರಿದಂತೆ ಕಾಣುತ್ತದೆ. ಕನೆಕ್ಟರ್ ಸ್ವಚ್ಛಗೊಳಿಸಿದರೆ ಮುಗಿಯುವ ಕೆಲಸಕ್ಕೆ ಮಾಡ್ಯೂಲ್ ಬದಲಾಯಿಸುವ ಅನಾಹುತ ಇಲ್ಲಿ ತಪ್ಪುತ್ತದೆ.

ಎಲ್ಲ ಸೆಲ್ಲುಗಳೂ ಒಂದೇ ಮಟ್ಟದಲ್ಲಿದ್ದು, ಒಟ್ಟು ಸಂಗ್ರಹ ಮಾತ್ರ ಕಡಿಮೆಯಾಗಿದ್ದರೆ ಅದು ದೋಷವಲ್ಲ, ವಯಸ್ಸು. ಸೆಲ್ಲಿನ ಋಣ ವಿದ್ಯುದ್ವಾರದ ಮೇಲೆ ಬೆಳೆಯುವ ತೆಳುಪದರವೊಂದು ಲಿಥಿಯಮ್ಮನ್ನು ಸ್ವಲ್ಪಸ್ವಲ್ಪವಾಗಿ ನುಂಗುತ್ತದೆ. ಮೊದಲ ವರ್ಷದಲ್ಲಿ ಈ ಕುಸಿತ ಬೇಗ, ಆಮೇಲೆ ನಿಧಾನ. ಹೀಗಾಗಿ ಮೊದಲ ವರ್ಷದ ಇಳಿಕೆಯನ್ನು ಎಂಟರಿಂದ ಗುಣಿಸಿ ಎಂಟು ವರ್ಷದ ಭವಿಷ್ಯ ಹೇಳುವುದು ತಪ್ಪು ಲೆಕ್ಕ. ಪೂರ್ತಿ ತುಂಬಿದ ಕಾರನ್ನು ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದು ಈ ಸವಕಳಿಯನ್ನು ಹೆಚ್ಚಿಸುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ತಣ್ಣಗಿನ ಬ್ಯಾಟರಿಗೆ ಜೋರು ಚಾರ್ಜ್ ಹರಿಸಿದರೆ ಲಿಥಿಯಂ ಲೋಹವಾಗಿ ಕೂರುವ ಇನ್ನೊಂದು ಬಗೆಯ ಹಾನಿಯಾಗುತ್ತದೆ. ಅದಕ್ಕೆಂದೇ ಕಾರು ಆಗ ಚಾರ್ಜಿನ ವೇಗವನ್ನೂ ರೀಜೆನ್ ಬಲವನ್ನೂ ತಾನಾಗಿ ಕುಗ್ಗಿಸುತ್ತದೆ. ಅದನ್ನು ದೋಷವೆಂದು ಬರೆದುಕೊಂಡು ಬರುವವರಿದ್ದಾರೆ.

ಮೋಟಾರನ್ನು ಶಂಕಿಸಬೇಕಾದದ್ದು ಯಾವಾಗ

ರೇಂಜ್ ಕುಸಿತಕ್ಕೆ ಮೋಟಾರ್ ಕಾರಣವಾಗುವುದು ವಿರಳ. ಶಾಶ್ವತ ಅಯಸ್ಕಾಂತದ ಸಿಂಕ್ರೊನಸ್ ಮೋಟಾರೇ ಇರಲಿ, ಇಂಡಕ್ಷನ್ ಮೋಟಾರೇ ಇರಲಿ, ಸಾಮಾನ್ಯ ಓಟದಲ್ಲಿ ಅದರ ದಕ್ಷತೆ 90 ಪ್ರತಿಶತಕ್ಕಿಂತ ಮೇಲಿರುತ್ತದೆ. ಸಮಗತಿಯಲ್ಲಿ 10 ಕಿಲೋವ್ಯಾಟ್ ಎಳೆಯುವ ಕಾರಿನಲ್ಲಿ ಮೋಟಾರ್ ಮತ್ತು ಅದಕ್ಕೆ ಬ್ಯಾಟರಿಯ ಕರೆಂಟನ್ನು ಪರಿವರ್ತಿಸಿ ಕೊಡುವ ಇನ್ವರ್ಟರ್ ಸೇರಿ ಹೆಚ್ಚುವರಿ 20 ಪ್ರತಿಶತ ಪೋಲು ಮಾಡುತ್ತಿವೆ ಎನ್ನುವುದಾದರೆ, 2 ಕಿಲೋವ್ಯಾಟ್ ಬಿಸಿ ಕೂಲಂಟಿಗೆ ಸೇರಬೇಕು. ಆಗ ಮೋಟಾರಿನ ಉಷ್ಣಾಂಶ ಏರಿ, ಕೂಲಿಂಗ್ ಫ್ಯಾನು ಸದಾ ತಿರುಗಿ, ಕೊನೆಗೆ ಶಕ್ತಿಯನ್ನು ಮಿತಗೊಳಿಸುವ ಆಮೆ ಚಿಹ್ನೆ ಪರದೆಗೆ ಬರುತ್ತದೆ. ಈ ಯಾವ ಲಕ್ಷಣವೂ ಇಲ್ಲದಿದ್ದರೆ ಮೋಟಾರನ್ನು ಪಟ್ಟಿಯಿಂದ ತೆಗೆಯಬಹುದು. ಲಕ್ಷಣಗಳಿದ್ದರೆ ಮೊದಲು ನೋಡಬೇಕಾದದ್ದು ಕೂಲಂಟ್ ಮಟ್ಟ ಮತ್ತು ಪಂಪು, ಆಮೇಲೆ ಮೋಟಾರು.

ಅತಿಯಾದ ಬಿಸಿಯಿಂದ ನಿಯೋಡಿಮಿಯಂ ಅಯಸ್ಕಾಂತಗಳು ಶಕ್ತಿ ಕಳೆದುಕೊಳ್ಳಬಹುದು, ಆದರೆ ಅದು ಮೊದಲು ಕಾಣುವುದು ಎಳೆತದ ಬಲ ಕುಗ್ಗುವುದರಲ್ಲಿ. ಮೋಟಾರಿನ ತಿರುಗುವ ಭಾಗವಾದ ರೋಟರಿನ ಸ್ಥಾನವನ್ನು ತಿಳಿಸುವ ರಿಸಾಲ್ವರ್ ಕೆಟ್ಟರೆ ಕಾರು ಜರ್ಕ್ ಹೊಡೆಯುತ್ತದೆ ಅಥವಾ ದೋಷದ ಕೋಡ್ ತೋರಿಸಿ ನಿಲ್ಲುತ್ತದೆ. ಸದ್ದಿನ ವಿಷಯದಲ್ಲಿ ಒಂದು ಸಣ್ಣ ವಿವೇಚನೆ ಸಾಕು: ಆ್ಯಕ್ಸಿಲರೇಟರ್ ಒತ್ತಿ ಬಿಟ್ಟಂತೆ ಬದಲಾಗುವ ಸದ್ದು ಗೇರ್ ಅಥವಾ ಮೋಟಾರಿನದು, ಸ್ಟಿಯರಿಂಗ್ ತುಸು ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಬದಲಾಗುವುದು ವೀಲ್ ಬೇರಿಂಗಿನದು, ರಸ್ತೆಯ ಮೇಲ್ಮೈ ಬದಲಾದಾಗ ಬದಲಾಗುವುದು ಟೈರಿನದು.

ನಿಂತಲ್ಲೇ ಚಾರ್ಜ್ ಇಳಿಯುತ್ತಿದ್ದರೆ

ರಾತ್ರಿ ನಿಲ್ಲಿಸಿದಾಗಿನ ಮತ್ತು ಬೆಳಿಗ್ಗೆ ತೆರೆದಾಗಿನ ಪ್ರತಿಶತವನ್ನು ಮೂರು ದಿನ ಬರೆದಿಟ್ಟುಕೊಳ್ಳಬೇಕು. ನಿದ್ರೆಗೆ ಜಾರಬೇಕಾದ ಕಂಪ್ಯೂಟರುಗಳು ಎಚ್ಚರವಾಗಿಯೇ ಉಳಿದು 200 ವ್ಯಾಟ್ ಎಳೆದರೂ ಒಂದು ದಿನಕ್ಕೆ 4.8 ಯೂನಿಟ್, 45 ಯೂನಿಟ್ಟಿನ ಬ್ಯಾಟರಿಯಲ್ಲಿ ಹತ್ತು ಪ್ರತಿಶತಕ್ಕಿಂತ ಹೆಚ್ಚು. ಕಾವಲು ಕ್ಯಾಮೆರಾ, ಗಳಿಗೆಗೊಮ್ಮೆ ಕಾರನ್ನು ಎಬ್ಬಿಸಿ ಸ್ಥಿತಿ ಕೇಳುವ ಮೊಬೈಲ್ ಆ್ಯಪ್, ಓಬಿಡಿ ಸಾಕೆಟ್ಟಿನಲ್ಲೇ ಮರೆತು ಬಿಟ್ಟ ಅಡಾಪ್ಟರ್, ಹೊರಗಿನವರು ಹಾಕಿಸಿದ ಟ್ರ್ಯಾಕರ್: ಒಂದೊಂದನ್ನೇ ತೆಗೆದು ನೋಡಬೇಕು. ಕ್ಷೀಣಿಸಿದ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಇಂಥ ಉಪದ್ರವ ಕೊಡುತ್ತದೆ, ಜೊತೆಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಎಚ್ಚರಿಕೆ ದೀಪಗಳನ್ನು ಒಟ್ಟಿಗೆ ಬೆಳಗಿಸುತ್ತದೆ. ಅದು ಸೀಸ-ಆಮ್ಲದ್ದಾದರೆ, ವಿಶ್ರಾಂತಿಯಲ್ಲಿ 12.6 ವೋಲ್ಟಿನ ಹತ್ತಿರ ಇರಬೇಕಾದದ್ದು 12ಕ್ಕಿಂತ ಕೆಳಗಿದ್ದರೆ ಬೇರೆ ಕೋಡುಗಳನ್ನು ಓದುವ ಮೊದಲು ಅದನ್ನೇ ಸರಿಪಡಿಸಬೇಕು.

ಕೈಹಾಕಬಾರದ ಜಾಗ

ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿಗೆ ಮನೆಯ ತನಿಖೆ ಮುಗಿಯಿತು. 60 ವೋಲ್ಟಿಗಿಂತ ಹೆಚ್ಚಿನ ಡಿಸಿಯನ್ನೇ ಅಪಾಯಕಾರಿ ಎಂದು ವಾಹನ ಸುರಕ್ಷತಾ ನಿಯಮಗಳು ಪರಿಗಣಿಸುತ್ತವೆ. ಈ ಕೇಬಲ್ಲುಗಳಲ್ಲಿ ಹರಿಯುವುದು 350 ಅಥವಾ 800 ವೋಲ್ಟ್. ಕಾರು ಆರಿಸಿದ ಮೇಲೂ ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಚಾರ್ಜ್ ಉಳಿದಿರಬಹುದು, ಬ್ಯಾಟರಿಯ ಒಳಗಿನ ಸೆಲ್ಲುಗಳನ್ನಂತೂ ಆರಿಸಲು ಸಾಧ್ಯವೇ ಇಲ್ಲ. ಹೈವೋಲ್ಟೇಜ್ ಕರೆಂಟು ಕಾರಿನ ಮೈಗೆ ಸೋರುತ್ತಿದೆ ಎನ್ನುವ ಇನ್ಸುಲೇಷನ್ ಎಚ್ಚರಿಕೆ ಬಂದರೆ, ವಿಶೇಷವಾಗಿ ಮಳೆಯಲ್ಲಿ ಅಥವಾ ತೊಳೆದ ಮೇಲೆ ಬಂದು ಒಣಗಿದಾಗ ಮಾಯವಾಗುತ್ತಿದ್ದರೆ, ನೀರು ಎಲ್ಲೋ ಒಳಸೇರುತ್ತಿದೆ. ಮಾಯವಾಯಿತೆಂದು ಸಮಾಧಾನಪಡದೆ, ಅದು ಕಾಣಿಸಿಕೊಂಡ ದಿನ, ಹವೆ, ಎಸಿ ಆನ್ ಇತ್ತೇ, ಚಾರ್ಜಿಂಗ್ ನಡೆದಿತ್ತೇ ಎಂದು ಬರೆದುಕೊಂಡು ತರಬೇತಿ ಪಡೆದವರಲ್ಲಿಗೆ ಒಯ್ಯಬೇಕು. ಎಸಿ ಆನ್ ಮಾಡಿದಾಗ ಮಾತ್ರ ಬರುವ ಎಚ್ಚರಿಕೆ ಕಂಪ್ರೆಸರಿನತ್ತ ಬೆರಳು ತೋರಿಸಿದರೆ, ಪ್ಲಗ್ ಸಿಕ್ಕಿಸಿದಾಗ ಮಾತ್ರ ಬರುವುದು ಚಾರ್ಜಿಂಗ್ ಸಾಕೆಟ್ ಅಥವಾ ಒಳಗಿನ ಚಾರ್ಜರಿನತ್ತ.

ವಾರಂಟಿ ಕೇಳಲು ಹೋಗುವವರಿಗೆ ಇದೇ ದಾಖಲೆ ಬೆನ್ನೆಲುಬು. ವಿಶ್ವಸಂಸ್ಥೆಯ ವೇದಿಕೆಯಲ್ಲಿ 2022ರಲ್ಲಿ ಅಂಗೀಕಾರವಾದ 22ನೇ ಜಾಗತಿಕ ತಾಂತ್ರಿಕ ನಿಯಮ, ಕಾರಿನ ಬ್ಯಾಟರಿಯಲ್ಲಿ 5 ವರ್ಷ ಅಥವಾ 1 ಲಕ್ಷ ಕಿಲೋಮೀಟರಿನ ತನಕ 80 ಪ್ರತಿಶತ, 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ತನಕ 70 ಪ್ರತಿಶತ ಸಂಗ್ರಹ ಉಳಿಯಬೇಕೆಂಬ ಮಾನದಂಡವನ್ನು ಇಟ್ಟಿದೆ. ಅನೇಕ ತಯಾರಕರ ವಾರಂಟಿಯೂ 8 ವರ್ಷಕ್ಕೆ 70 ಪ್ರತಿಶತದ ಗೆರೆಯನ್ನೇ ಎಳೆಯುತ್ತದೆ. ಆ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂಬ ಚರ್ಚೆಯಲ್ಲಿ "ಮೊದಲಿನಷ್ಟು ಓಡುವುದಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಪೂರ್ತಿ ಚಾರ್ಜಿನಿಂದ 20 ಪ್ರತಿಶತದವರೆಗಿನ ಮೂರು ಓಟಗಳ ದೂರ, ಖರ್ಚು, ಉಷ್ಣಾಂಶಗಳು, ಸಮತೋಲನ ಮಾಡಿದ ದಿನಾಂಕ, ನಾಲ್ಕು ಸ್ಥಿತಿಗಳ ಸೆಲ್ ವೋಲ್ಟೇಜಿನ ಪ್ರತಿ, ಮತ್ತು ಬ್ರೇಕ್ ಹಿಡಿದಿಲ್ಲ, ಟೈರ್ ಬದಲಾಗಿಲ್ಲ ಎಂಬ ಟಿಪ್ಪಣಿ, ಇವಿಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಮೇಜಿನ ಮೇಲಿಟ್ಟರೆ, ಆ ಕಡೆ ಕುಳಿತವರು ಪರೀಕ್ಷೆಯನ್ನು ಮೊದಲಿಂದ ಶುರುಮಾಡದೆ ನೇರವಾಗಿ ಬ್ಯಾಟರಿಯ ತಪಾಸಣೆಗೇ ಹೋಗಬೇಕಾಗುತ್ತದೆ.